ಹೆಂಚಿನ ಮನೆಯ ತಂಪು ಮತ್ತು ನಮ್ಮ ತಾರಸಿ ಮನೆಗಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಮನೆ ಕಟ್ಟಿಸುವ ವಯಸ್ಸಿನವರು. ಗೃಹಪ್ರವೇಶಕ್ಕೆ ಕರೆಯಲು ಬಂದಾಗ ಅವರಲ್ಲಿ ಅನೇಕರು ಆಡುವ ಮಾತು ಒಂದೇ: “ಮನೆ ಚೆನ್ನಾಗಿ ಆಗಿದೆ ಮಾಸ್ಟ್ರೇ, ಆದರೆ ಅಜ್ಜನ ಮನೆಯಲ್ಲಿ ಇದ್ದ ಹಾಗೆ ಅನ್ನಿಸುವುದಿಲ್ಲ.” ಆ ಅನ್ನಿಸಿಕೆಯನ್ನು ತುಂಬಿಕೊಳ್ಳಲು ಮುಂಭಾಗದ ಕಾಂಕ್ರೀಟಿಗೆ ನಾಲ್ಕು ಸಾಲು ಹೆಂಚು ಅಂಟಿಸುತ್ತಾರೆ, ಹಜಾರದಲ್ಲಿ ಒಂದು ಹಿತ್ತಾಳೆಯ ಹಂಡೆ ಇಡುತ್ತಾರೆ, ಗೋಡೆಗೆ ಹಳೆಯ ಲಾಟೀನು ತೂಗುಹಾಕುತ್ತಾರೆ. ಆದರೂ ಏನೋ ಉಳಿದುಹೋಯಿತು ಎನ್ನುತ್ತಾರೆ. ಆ ಉಳಿದದ್ದು ಏನು ಎಂಬುದನ್ನು ಇತಿಹಾಸದ ಮೇಷ್ಟರಾಗಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡುವ ಪ್ರಯತ್ನ ಈ ಲೇಖನ.

ಮೊದಲಿಗೆ ಒಂದು ಮಾತು. ನಾವು ‘ಹಳೆಯ ಕಾಲದ ಮನೆ’ ಎಂದು ಕರೆಯುವ ಕರಾವಳಿಯ ಹೆಂಚಿನ ಮನೆ ಅಷ್ಟೇನೂ ಹಳೆಯದಲ್ಲ. ಅದಕ್ಕಿಂತ ಮೊದಲು ನಮ್ಮ ಜಿಲ್ಲೆಯ ಸಾಮಾನ್ಯರ ಮನೆಗಳು ಮುಳಿಹುಲ್ಲಿನವು. ಅಡಿಕೆ ತೋಟವಿದ್ದಲ್ಲಿ ಸೋಗೆಯವು. ಸ್ಥಿತಿವಂತರ ಮನೆಗಳಿಗೆ ಮತ್ತು ಕೆಲವು ದೇವಾಲಯಗಳಿಗೆ ಕುಂಬಾರನು ಕೈಯಿಂದ ಮಾಡಿದ ಅರ್ಧ ಕೊಳವೆಯಾಕಾರದ ನಾಡಹೆಂಚು ಇರುತ್ತಿತ್ತು. ಹುಲ್ಲಿನ ಮಾಡು ತಂಪಾಗಿತ್ತು, ನಿಜ. ಆದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಅದನ್ನು ಬಿಚ್ಚಿ ಹೊಸದಾಗಿ ಹೊದಿಸಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಹೊದಿಕೆ ತಡವಾದರೆ ಇಡೀ ಸಂಸಾರ ನೆನೆಯಬೇಕು. ಬೇಸಗೆಯಲ್ಲಿ ಒಲೆಯ ಒಂದು ಕಿಡಿ ಸಾಕು, ಮನೆಯೇ ಇಲ್ಲ. ನನ್ನ ಅಜ್ಜಿ ರಾತ್ರಿ ಮಲಗುವ ಮುನ್ನ ಒಲೆಯ ಬೂದಿಯನ್ನು ಮುಟ್ಟಿ ನೋಡದೆ ಮಲಗಿದವರಲ್ಲ.

ಈ ಚಿತ್ರವನ್ನು ಬದಲಿಸಿದ ಹೆಂಚಿನ ಕಥೆ ದೂರದ ಯುರೋಪಿನಲ್ಲಿ ಆರಂಭವಾಗುತ್ತದೆ. ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಆಲ್ಟ್‌ಕಿರ್ಕ್ ಎಂಬ ಊರಿನ ಜಿಲಾರ್ಡೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹೆಂಚಿಗೆ ಹಕ್ಕುಪತ್ರ ಪಡೆದರು. ಆ ಊರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹತ್ತಿರ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು (1843) ಹೊರಡಿಸಿದವರೂ, ಕಿಟ್ಟೆಲರ ನಿಘಂಟನ್ನು ಅಚ್ಚುಮಾಡಿದವರೂ ಅವರೇ ಎಂದು ನಾನು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಮತಾಂತರಗೊಂಡವರು ತಮ್ಮ ಜಾತಿಯ ಕಸುಬನ್ನೂ ನೆಲೆಯನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ಉದ್ಯೋಗ ಒದಗಿಸಬೇಕಾದ ಅಗತ್ಯ ಮಿಶನ್ನಿಗೆ ಬಂತು. ಮುದ್ರಣಾಲಯ, ನೇಯ್ಗೆಯ ಬಳಿಕ ಮೂರನೆಯ ಉದ್ಯಮವಾಗಿ ಹುಟ್ಟಿದ್ದೇ ಹೆಂಚಿನ ಕಾರ್ಖಾನೆ. ನೇತ್ರಾವತಿಯ ದಡದ ಜೇಡಿಮಣ್ಣು ಇದಕ್ಕೆ ಯೋಗ್ಯವೆಂದು ಕಂಡುಕೊಂಡ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಶನರಿ 1865ರಲ್ಲಿ ಜೆಪ್ಪುವಿನಲ್ಲಿ ಅದನ್ನು ಆರಂಭಿಸಿದರು. ಮುಂದೆ ಸ್ಥಳೀಯ ಉದ್ಯಮಿಗಳೂ ಈ ವ್ಯವಹಾರಕ್ಕೆ ಇಳಿದರು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಮಿಶನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿದರು. ನಿಮ್ಮ ಹಳೆಯ ಮನೆಯ ಹೆಂಚನ್ನು ಮಗುಚಿ ನೋಡಿದರೆ ಒಳಮೈಯಲ್ಲಿ ಯಾವ ಕಾರ್ಖಾನೆಯದೆಂದು ಉಬ್ಬಕ್ಷರದಲ್ಲಿ ಓದಬಹುದು.

ಈ ಹೆಂಚಿನ ಗುಣವೇನು? ಸುಮಾರು 41 ಸೆಂಟಿಮೀಟರ್ ಉದ್ದ, 23 ಸೆಂಟಿಮೀಟರ್ ಅಗಲ. ಒಂದು ಚದರ ಮೀಟರ್ ಮಾಡಿಗೆ ಹದಿನೈದು ಹೆಂಚು ಸಾಕು. ಅಂಚಿನ ತೋಡುಗಳು ಒಂದಕ್ಕೊಂದು ಕೂತುಕೊಳ್ಳುವುದರಿಂದ ನೀರು ಹೆಂಚಿನಿಂದ ಹೆಂಚಿಗೆ ಜಾರಿ ಹೋಗುತ್ತದೆ. ಆದರೆ ಒಳಗಿನ ಬಿಸಿಗಾಳಿ ಸಂದುಗಳಿಂದ ಮೇಲಕ್ಕೆ ನುಸುಳುತ್ತದೆ. ನೆನೆದ ಮಣ್ಣಿನಿಂದ ನೀರು ಆವಿಯಾಗುವಾಗ ಮಾಡು ತಂಪಾಗುತ್ತದೆ. ಕೆಳಗೆ ಮರದ ಮುಚ್ಚಿಗೆ ಇದ್ದರೆ ನಡುವಿನ ಅಟ್ಟದ ಗಾಳಿಯೇ ಬಿಸಿಲಿಗೆ ತಡೆ. ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಚಾಚಿದ ಮಾಡು ಮುರಕಲ್ಲಿನ ಗೋಡೆಯನ್ನು ಮಳೆಯಿಂದಲೂ ಬಿಸಿಲಿನಿಂದಲೂ ಕಾಯುತ್ತದೆ. ಹಗಲಿನಲ್ಲಿಯೂ ಒಳಗೆ ಮಬ್ಬು. ಅಲ್ಲಲ್ಲಿ ಇಟ್ಟ ಗಾಜಿನ ಹೆಂಚಿನಿಂದ ಕೋಲಿನಂತೆ ಇಳಿಯುವ ಬೆಳಕು. ಆ ಬೆಳಕಿನ ಕೋಲು ಗೋಡೆಯ ಯಾವ ಗೂಡಿಗೆ ಬಂತೆಂದು ನೋಡಿ ನನ್ನ ಅಮ್ಮ ಗಂಟೆ ಹೇಳುತ್ತಿದ್ದರು. ಈ ಮನೆಗಳಲ್ಲಿ ನಾವು ಆಪ್ತವೆಂದು ನೆನೆಯುವುದೆಲ್ಲ ಹೀಗೆ ಒಂದೊಂದು ಉಪಯೋಗದಿಂದ ಹುಟ್ಟಿದ್ದು, ಅಲಂಕಾರಕ್ಕೆಂದು ಇಟ್ಟದ್ದಲ್ಲ.

ಆದರೆ ಈ ಸುಖ ಎಲ್ಲರಿಗೂ ಒಮ್ಮೆಗೇ ಬರಲಿಲ್ಲ. ಕಾರ್ಖಾನೆ ಬಂದು ನೂರು ವರ್ಷ ಕಳೆದರೂ ನಮ್ಮ ಮನೆಗೆ ಮುಳಿಹುಲ್ಲೇ ಗತಿಯಾಗಿತ್ತು. ಅದಕ್ಕೆ ಬಡತನ ಒಂದು ಕಾರಣವಾದರೆ ಇನ್ನೊಂದು ಕಾರಣ ಗೇಣಿ. ನನ್ನ ಅಪ್ಪ ಚಾಲಗೇಣಿದಾರರು. ಧಣಿಗಳು ಎದ್ದುಹೋಗೆಂದರೆ ಎದ್ದುಹೋಗಬೇಕಾದವರು. ತನ್ನದಲ್ಲದ ನೆಲದ ಮೇಲೆ ಯಾರು ತಾನೇ ಹೆಂಚು ಹೊದಿಸಿಯಾರು? 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ ಜಾರಿಗೆ ಬಂತು. ಅಪ್ಪ ಹೆದರುತ್ತಲೇ ಡಿಕ್ಲರೇಶನ್ ಕೊಟ್ಟರು. ಭೂ ನ್ಯಾಯಮಂಡಳಿಯ ತೀರ್ಪು ಬಂದ ಮರುವರ್ಷ, 1978ರಲ್ಲಿ, ನಮ್ಮ ಮನೆಗೆ ಹೆಂಚು ಏರಿತು. ಲಾರಿ ಬಾರದ ದಾರಿ. ನೆರೆಹೊರೆಯವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಿದರು. ಆಗ ನಾನು ಮೇಷ್ಟರಾಗಿ ಎಂಟು ವರ್ಷವಾಗಿತ್ತು. ಅಪ್ಪ ಆ ಮಳೆಗಾಲದ ಮೊದಲ ರಾತ್ರಿ ಮಲಗಲಿಲ್ಲ. ಜಗಲಿಯಲ್ಲಿ ಕೂತು ಮಾಡಿನ ಮೇಲೆ ಬೀಳುವ ಮಳೆಯನ್ನು ಕೇಳಿದರು. “ಇನ್ನು ಯಾರೂ ಏಳು ಅನ್ನುವಂತಿಲ್ಲ” ಎಂದಷ್ಟೇ ಹೇಳಿದರು. ನಮ್ಮೂರಿನಲ್ಲಿ ಆ ನಾಲ್ಕೈದು ವರ್ಷಗಳಲ್ಲಿ ಹುಲ್ಲು ಇಳಿದು ಹೆಂಚು ಏರಿದ ಮನೆಗಳು ಒಂದೆರಡಲ್ಲ. ಆದ್ದರಿಂದ ಹೆಂಚಿನ ಮಾಡೆಂದರೆ ನನ್ನಂಥವರ ಪಾಲಿಗೆ ಹಕ್ಕುಪತ್ರದ ಇನ್ನೊಂದು ರೂಪ.

ಇನ್ನೊಂದು ಸತ್ಯವನ್ನೂ ಮರೆಯಬಾರದು. ಹಳೆಯ ಮನೆಯ ಜಗಲಿಯನ್ನು ಹೊಗಳುವಾಗ, ಅದರ ಮೆಟ್ಟಿಲು ಹತ್ತಲಾರದೆ ಅಂಗಳದಲ್ಲೇ ನಿಲ್ಲಬೇಕಾಗಿದ್ದವರು ಯಾರೆಂದು ನೆನೆಯಬೇಕು. ಒಲೆಯ ಬೆಂಕಿಯ ಸೊಬಗನ್ನು ವರ್ಣಿಸುವಾಗ, ಕಿಟಕಿಯಿಲ್ಲದ ಅಡುಗೆಮನೆಯ ಹೊಗೆಯಲ್ಲಿ ಕಣ್ಣು ಕಳೆದುಕೊಂಡ ಅಜ್ಜಿಯಂದಿರನ್ನೂ ನೆನೆಯಬೇಕು. ಸಗಣಿ ಸಾರಿಸಿ, ಹಳೆಯ ಟಾರ್ಚ್ ಬ್ಯಾಟರಿಯ ಮಸಿ ಬೆರೆಸಿ ಕನ್ನಡಿಯಂತೆ ಮಿರುಗಿಸಿದ ನೆಲ ಚೆಂದ. ಆದರೆ ಮಂಡಿಯೂರಿ ಅದನ್ನು ಮಿರುಗಿಸಿದವರು ನನ್ನ ಅಕ್ಕಂದಿರು.

ತಾರಸಿ ಮನೆಗಳು ಹೇಗೆ ಬಂದವು? ಸಿಮೆಂಟಿನ ಮೇಲಿದ್ದ ಸರ್ಕಾರಿ ಹಿಡಿತ 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿ ಸಡಿಲವಾಯಿತು. ಮುಂಬಯಿ ಮತ್ತು ಕೊಲ್ಲಿ ದೇಶಗಳ ದುಡಿಮೆಯ ಹಣ ಊರಿಗೆ ಬಂತು. ಅದೇ ಹೊತ್ತಿಗೆ ಪಕಾಸು, ರೀಪುಗಳಿಗೆ ಬೇಕಾದ ಮರ ದುಬಾರಿಯಾಯಿತು. ವರ್ಷಕ್ಕೊಮ್ಮೆ ಮಾಡಿಗೆ ಹತ್ತಿ ಹೆಂಚು ಸರಿಪಡಿಸುವ ಆಳುಗಳು ಸಿಗದಾದರು, ಮಂಗಗಳಂತೂ ಬಿಡಲಿಲ್ಲ. ನದಿದಡದ ಮಣ್ಣು ತೆಗೆಯುವುದಕ್ಕೂ ತೊಡಕುಗಳು ಬಂದು ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೀಗಾಗಿ ತಾರಸಿ ಹಾಕಿಸಿದವರನ್ನು ನಾನು ದೂರುವುದಿಲ್ಲ. ಅವರಿಗೆ ಬೇಕಾದದ್ದು ನನ್ನ ಅಪ್ಪನಿಗೆ ಬೇಕಾದದ್ದೇ: ಸೋರದ ಸೂರು.

ಬಿಟ್ಟುಬಂದ ಮೇಲೆಯೇ ಗುಡಿಸಲಿನ ಚೆಲುವು ಕಾಣುವುದು ಎಲ್ಲ ಕಡೆಯೂ ಇದ್ದದ್ದೇ. ಇಂಗ್ಲೆಂಡಿನಲ್ಲಿ ಹಳ್ಳಿಗರು ಕಾರ್ಖಾನೆಯ ಪಟ್ಟಣಗಳಿಗೆ ಹೋದ ಶತಮಾನದಲ್ಲೇ ವಿಲಿಯಂ ಮಾರಿಸ್‌ರಂಥವರು ಹಳ್ಳಿಯ ಮನೆಗಳ ಸರಳತೆಯನ್ನೂ ಕೈಕೆಲಸವನ್ನೂ ಎತ್ತಿಹಿಡಿದರು. ಆ ನಾಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1917ರಲ್ಲಿ ಹುಟ್ಟಿ, ಭಾರತಕ್ಕೆ ಬಂದು, ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ (ನಿಧನ 2007) ನಮ್ಮ ಮಂಗಳೂರು ಹೆಂಚಿಗೆ ಹೊಸ ಕೆಲಸ ಕೊಟ್ಟರು. ತಾರಸಿಯ ಕೆಳಭಾಗದ ಕಾಂಕ್ರೀಟು ಹೆಚ್ಚು ಭಾರ ಹೊರುವುದಿಲ್ಲ. ಅಲ್ಲಿ ಕಬ್ಬಿಣದ ಸರಳುಗಳ ನಡುವೆ ಹಳೆಯ ಹೆಂಚುಗಳನ್ನು ಜೋಡಿಯಾಗಿ ಇಟ್ಟು ಮೇಲೆ ಕಾಂಕ್ರೀಟು ಸುರಿದರೆ ಸಿಮೆಂಟ್ ಉಳಿಯುತ್ತದೆ, ಭಾರ ಇಳಿಯುತ್ತದೆ, ಹೆಂಚುಗಳ ನಡುವಿನ ಗಾಳಿಯಿಂದ ಬಿಸಿಯೂ ಕಡಿಮೆಯಾಗುತ್ತದೆ. ಒಳಗೆ ಕೂತು ಮೇಲೆ ನೋಡಿದರೆ ಹೆಂಚಿನ ಸಾಲುಗಳೇ ಕಾಣುತ್ತವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು (ನಿಧನ 2017) ಕೆಡಹುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಕೊಂಡು ತಂದು ‘ಹಸ್ತಶಿಲ್ಪ’ವೆಂಬ ತಮ್ಮ ಸ್ವಂತ ಮನೆಯನ್ನು ಕಟ್ಟಿಕೊಂಡರು, ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿದರು.

ಇವರಿಂದ ಸಾಮಾನ್ಯ ಸಂಸಾರಿ ಕಲಿಯಬಹುದಾದದ್ದು ಬಹಳ ಸರಳ. ನೋಟವನ್ನು ತರುವ ಬದಲು ಉಪಯೋಗವನ್ನು ತನ್ನಿ. ಕಾಂಕ್ರೀಟಿಗೆ ಹೆಂಚು ಅಂಟಿಸುವ ಬದಲು, ತಾರಸಿಯ ಮೇಲೆ ಎತ್ತರಿಸಿ ಹೆಂಚಿನ ಮಾಡು ಮಾಡಿ ನಡುವೆ ಗಾಳಿ ಆಡಲು ಬಿಡಿ. ಬಟ್ಟೆ, ಹಪ್ಪಳ, ಅಡಿಕೆ ಒಣಗಿಸಲೂ ಆಯಿತು. ಕಿಟಕಿಯ ಮೇಲೆ ಎರಡಡಿಯಾದರೂ ಮಾಡು ಚಾಚಲಿ. ಮೂವತ್ತು-ನಲವತ್ತರ ನಿವೇಶನದಲ್ಲಿಯೂ ಕಾರಿನ ಪಕ್ಕದಲ್ಲಿ ನಾಲ್ಕಡಿ ಅಗಲದ ಜಗಲಿಗೆ ಸ್ಥಳವಿದೆ. ಕೂರಲು ಕುರ್ಚಿ ಬೇಡ, ಕಟ್ಟೆಯೇ ಸಾಕು. ಆ ಜಗಲಿಗೆ ಯಾರು ಬಂದರೂ ಕೂರುವಂತಿರಲಿ. ಹಳೆಯ ಜಗಲಿ ಕಲಿಯದ ಪಾಠ ಅದು. ಅಡುಗೆಮನೆಗೆ ದೊಡ್ಡ ಕಿಟಕಿ ಇರಲಿ. ಮೆಟ್ಟಿಲಿನ ಮೇಲ್ಭಾಗದ ತಾರಸಿಯಲ್ಲಿ ಒಂದು ಬೆಳಕಿಂಡಿ ಬಿಟ್ಟು ಗಾಜು ಹೊದಿಸಿದರೆ ಹಗಲು ದೀಪ ಹಾಕಬೇಕಾಗಿಲ್ಲ. ಕೆಂಪು ಸಿಮೆಂಟಿನ ನೆಲ ಹಾಕುವ ಮೇಸ್ತ್ರಿಗಳು ವಿರಳವಾದರೂ ಇದ್ದಾರೆ. ವರ್ಷ ಕಳೆದಂತೆ ಆ ನೆಲ ನುಣುಪಾಗುತ್ತದೆ, ಬರಿಗಾಲಿಗೆ ತಂಪು.

ಕೊನೆಯದಾಗಿ ಬಂಧುಗಳಲ್ಲಿ ಒಂದು ವಿನಂತಿ. ನಮ್ಮ ಕುಟುಂಬದಲ್ಲೇ ಎರಡು ಹೆಂಚಿನ ಮನೆಗಳು ಕೆಡಹುವ ಮಾತಿನಲ್ಲಿವೆ. ಬೇಡವೆನ್ನಲು ನಾನು ಯಾರು? ಅಲ್ಲಿ ವಾಸಿಸುವವರ ಕಷ್ಟ ಅವರಿಗೇ ಗೊತ್ತು. ಆದರೆ ಕೆಡಹುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಪ್ರತಿಯೊಂದು ಕೋಣೆಯನ್ನು ಅಳೆದು ಕಾಗದದ ಮೇಲೆ ಬರೆದಿಡಿ, ಛಾಯಾಚಿತ್ರ ತೆಗೆದಿಡಿ. ಚಿಕ್ಕಮ್ಮನನ್ನು ಕೂರಿಸಿಕೊಂಡು ಚಾವಡಿ, ಪಕಾಸು, ಮುಚ್ಚಿಗೆ ಎಂಬ ಒಂದೊಂದು ಹೆಸರನ್ನೂ ಕೇಳಿ ಬರೆದುಕೊಳ್ಳಿ. ಮನೆ ಹೋದರೆ ಈ ಮಾತುಗಳೂ ಹೋಗುತ್ತವೆ. ಹೆಂಚುಗಳನ್ನು ಒಡೆಯದೆ ಇಳಿಸಿ ಜೋಡಿಸಿಡಿ. ಹೊಸ ಮನೆಯ ತಾರಸಿಗೋ, ದನದ ಕೊಟ್ಟಿಗೆಗೋ, ಪಕ್ಕದ ಮನೆಯವರಿಗೋ ಅವು ಇನ್ನೂ ಬಹಳ ವರ್ಷ ನೆರಳು ಕೊಡಬಲ್ಲವು.