'ಆಸ್ಕಾರ್ಬಿಕ್' ಪದದ ಹಿಂದಿನ ಇತಿಹಾಸ

'ಸಿ' ಜೀವಸತ್ವದ ರಾಸಾಯನಿಕ ಹೆಸರೇನೆಂದು ಕೇಳಿದರೆ 'ಆಸ್ಕಾರ್ಬಿಕ್ ಆಮ್ಲ' ಎಂದು ತಕ್ಷಣ ಉತ್ತರಿಸುತ್ತೀರಿ. ಆ ಹೆಸರಿನ ಅರ್ಥವೇನೆಂದು ಎಂದಾದರೂ ಯೋಚಿಸಿದ್ದೀರಾ? ಪರೀಕ್ಷೆಯಲ್ಲಿ ಒಂದು ಅಂಕ ತರುವ ಈ ಪದದ ಹಿಂದೆ ಅಸಂಖ್ಯಾತ ನಾವಿಕರ ಸಾವಿದೆ.

ಸ್ಕರ್ವಿ ರೋಗವನ್ನು ಯುರೋಪಿನ ವೈದ್ಯರು ಲ್ಯಾಟಿನ್‌ನಲ್ಲಿ 'ಸ್ಕಾರ್ಬ್ಯುಟಸ್' ಎಂದು ಕರೆದರು. ನಮ್ಮ 'ಅನ್ಯಾಯ', 'ಅಶಾಂತಿ' ಪದಗಳಲ್ಲಿರುವಂತೆ ಗ್ರೀಕ್ ಭಾಷೆಯಲ್ಲೂ ಪದದ ಮೊದಲಿಗೆ 'ಅ' ಸೇರಿದರೆ 'ಇಲ್ಲ' ಎಂಬ ಅರ್ಥ ಬರುತ್ತದೆ. ಆದ್ದರಿಂದ ಆಸ್ಕಾರ್ಬಿಕ್ ಎಂದರೆ ಸ್ಕರ್ವಿ ಇಲ್ಲದಂತೆ ಮಾಡುವುದು. ಹಳೆಯ ವೈದ್ಯಗ್ರಂಥಗಳಲ್ಲಿ ಇಂತಹ ಔಷಧಿಗೆ 'ಆಂಟಿಸ್ಕಾರ್ಬ್ಯುಟಿಕ್' ಎಂಬ ಹೆಸರಿತ್ತು.

ತಿಂಗಳುಗಟ್ಟಲೆ ತಾಜಾ ಹಣ್ಣು, ತರಕಾರಿ ಸಿಗದಿದ್ದರೆ ಈ ರೋಗ ಬರುತ್ತದೆ. ವಸಡು ಊದಿ ರಕ್ತ ಒಸರುತ್ತದೆ, ಹಲ್ಲು ಸಡಿಲವಾಗುತ್ತದೆ, ಮಾಗಿದ ಗಾಯ ಮತ್ತೆ ಬಿರಿಯುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಸಾವೂ ಬರಬಹುದು.

ಈ ಇತಿಹಾಸದ ಒಂದು ಅಧ್ಯಾಯ ನಮ್ಮ ಕರಾವಳಿಯದು. 1498ರ ಅಕ್ಟೋಬರ್ 5ರಂದು ವಾಸ್ಕೋ ಡ ಗಾಮನ ಹಡಗುಗಳು ಕಾರವಾರದ ಸಮೀಪದ ಅಂಜದೀವ ದ್ವೀಪದಿಂದ ತಾಯ್ನಾಡಿಗೆ ಹೊರಟವು. ಬರುವಾಗ ಆಫ್ರಿಕಾದ ಮಾಲಿಂದಿಯಲ್ಲಿ ದೊರೆತ ಮಾರ್ಗದರ್ಶಕನ ನೆರವಿನಿಂದ 23 ದಿನಗಳಲ್ಲಿ ದಾಟಿದ್ದ ಅರಬ್ಬಿ ಸಮುದ್ರವನ್ನು ಮರಳಿ ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಅರಬ್ ನಾವಿಕರು 'ಮೌಸಿಮ್', ಅಂದರೆ ಋತುವನ್ನು ನೋಡಿ ಹಾಯಿ ಬಿಚ್ಚುತ್ತಿದ್ದರು. 'ಮಾನ್ಸೂನ್' ಪದ ಬಂದಿರುವುದೂ ಅದರಿಂದಲೇ. ಪೋರ್ಚುಗೀಸರು ಅನುಕೂಲದ ಗಾಳಿಗೆ ಕಾಯಲಿಲ್ಲ. ದಾರಿಯಲ್ಲಿ 30 ಮಂದಿ ಸತ್ತರು. 1499ರ ಜನವರಿಯಲ್ಲಿ ಮಾಲಿಂದಿ ತಲುಪಿದಾಗ ರೋಗಿಗಳು ಹಂಬಲಿಸಿದ್ದು ಕಿತ್ತಳೆ ಹಣ್ಣಿಗೆ!

ನಾವಿಕರ ಈ ಅನುಭವ ಶಾಸ್ತ್ರವಾಗಲು ಶತಮಾನಗಳೇ ಬೇಕಾದವು. 1747ರಲ್ಲಿ ಹಡಗಿನ ವೈದ್ಯ ಜೇಮ್ಸ್ ಲಿಂಡ್ 12 ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಆರು ಬಗೆಯ ಚಿಕಿತ್ಸೆ ನೀಡಿದರು. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗನೆ ಚೇತರಿಸಿಕೊಂಡರು. ಆದರೂ ಬ್ರಿಟಿಷ್ ನೌಕಾಪಡೆ ನಿಂಬೆರಸ ಕೊಡಲು ನಿರ್ಧರಿಸಿದ್ದು 1795ರಲ್ಲಿ. 1933ರಲ್ಲಿ ಸೆಂಟ್ ಜ್ಯಾರ್ಜಿ ಮತ್ತು ಹಾವರ್ತ್ ಆ ಹಣ್ಣುಗಳಲ್ಲಿದ್ದ ಸತ್ವಕ್ಕೆ 'ಆಸ್ಕಾರ್ಬಿಕ್ ಆಮ್ಲ' ಎಂದು ಹೆಸರಿಟ್ಟರು. 1937ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಸಕಲೇಶಪುರ, ಆಲೂರು ಕಡೆಯ ನಮಗೆ ಈ ಔಷಧಿ ದೂರದ್ದಲ್ಲ. ಕಾಫಿ ತೋಟದ ಕಿತ್ತಳೆ, ಹಿತ್ತಲಿನ ಸೀಬೆ, ಬೆಟ್ಟದ ನೆಲ್ಲಿ ಎಲ್ಲದರಲ್ಲೂ ಅದಿದೆ. ಕಿತ್ತಳೆಗಿಂತ ಸೀಬೆ, ನೆಲ್ಲಿಯಲ್ಲೇ ಹೆಚ್ಚು.

ಮದ್ದು ಕೈಯಲ್ಲೇ ಇದ್ದರೂ ಪರೀಕ್ಷಿಸಿ ನೋಡಿ, ನಾಲ್ಕು ಜನರಿಗೆ ತಿಳಿಸುವವರಿಲ್ಲದೆ ಎಷ್ಟೋ ಜೀವಗಳು ಹೋದವು. ವಿದ್ಯೆಯ ಬೆಲೆ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ಕಾಣಲು ಸಾಧ್ಯ? ಮುಂದೆ ಯಾವುದೇ ಪದವನ್ನು ಬಾಯಿಪಾಠ ಮಾಡುವ ಮೊದಲು ಅದರ ಅರ್ಥವನ್ನು ನಿಮ್ಮ ಗುರುಗಳಲ್ಲಿ ಕೇಳಿ ತಿಳಿಯಿರಿ.