ಅಬ್ಬರ ಇಳಿದ ಮೇಲೆ ಉಳಿದ ಹಾಡು

ರಾಕ್ ಸಂಗೀತದ ಪ್ರಾಣ ವಿದ್ಯುತ್ತಿನಲ್ಲಿದೆಯೆಂದು ಬಹುಮಂದಿಯ ಎಣಿಕೆ. ವಿದ್ಯುತ್ ಗಿಟಾರಿನ ಗರ್ಜನೆ, ಧ್ವನಿವರ್ಧಕಗಳ ಸಾಲು, ಎದೆ ನಡುಗಿಸುವ ಡ್ರಮ್ಮಿನ ಪೆಟ್ಟು, ಇವನ್ನು ತೆಗೆದರೆ ಉಳಿಯುವುದೇನು? ಅಮೆರಿಕದ ಎಂ.ಟಿ.ವಿ. ಎಂಬ ದೂರದರ್ಶನ ವಾಹಿನಿ 1989ರಲ್ಲಿ ಈ ಪ್ರಶ್ನೆಯನ್ನೇ ಒಂದು ಕಾರ್ಯಕ್ರಮವನ್ನಾಗಿ ಮಾಡಿತು. ಅದರ ಹೆಸರು ‘ಅನ್‌ಪ್ಲಗ್ಡ್’. ಎಂದರೆ, ವಿದ್ಯುತ್ತಿನ ಸಂಪರ್ಕ ಕಳಚಿದ್ದು. ತನ್ನ ಒಡಲಿನಿಂದಲೇ ನುಡಿಯುವ ಟೊಳ್ಳು ಗಿಟಾರನ್ನು ಹಿಡಿದು, ಪುಟ್ಟ ಸಭೆಯ ಮುಂದೆ ಹಾಡಬೇಕೆಂಬುದು ಅಲ್ಲಿನ ಕ್ರಮ. 1992ರಲ್ಲಿ ಎರಿಕ್ ಕ್ಲಾಪ್ಟನ್ ಹೀಗೆ ಹಾಡಿ ಅಪಾರ ಕೀರ್ತಿ ಗಳಿಸಿದರು. ಆದರೆ ಅವರು ಬ್ಲೂಸ್ ಸಂಪ್ರದಾಯದಲ್ಲಿ ಬೆಳೆದವರು. ಆ ಗಿಟಾರು ಅವರಿಗೆ ತವರುಮನೆ. ನಿಜವಾದ ಪರೀಕ್ಷೆ ನಡೆದದ್ದು 1993ರ ನವೆಂಬರ್ 18ರಂದು, ನ್ಯೂಯಾರ್ಕಿನ ಸೋನಿ ಸ್ಟುಡಿಯೋದಲ್ಲಿ, ‘ನಿರ್ವಾಣ’ ವೃಂದದವರು ಹಾಡಲು ಕುಳಿತಾಗ.

ಹೆಸರು ನಮ್ಮ ದೇಶದ್ದಾದರೂ ವೃಂದದ ಸ್ವಭಾವ ಶಾಂತವಾದುದಲ್ಲ. ವಾಷಿಂಗ್ಟನ್ ರಾಜ್ಯದ ಅಬರ್ಡೀನ್ ಊರಿನಲ್ಲಿ 1987ರಲ್ಲಿ ಹುಟ್ಟಿದ ಈ ವೃಂದ, 1991ರ ‘ನೆವರ್‌ಮೈಂಡ್’ ಧ್ವನಿಮುದ್ರಿಕೆಯಿಂದ ಲೋಕಪ್ರಸಿದ್ಧವಾಯಿತು. ಕಛೇರಿಯ ಕೊನೆಗೆ ವಾದ್ಯಗಳನ್ನೇ ಒಡೆದುಹಾಕುವುದೂ ಅವರಲ್ಲಿ ಉಂಟು. ಅಂಥವರು ಮೆಲ್ಲಗೆ ನುಡಿಸಬಲ್ಲರೇ? ಎಲ್ಲಕ್ಕಿಂತ ತೊಡಕಾದದ್ದು ಡೇವ್ ಗ್ರೋಲರ ಡ್ರಮ್ಮು. ಅದಕ್ಕಾಗಿ ಅವರು ಮೆದುವಾಗಿ ನುಡಿಯುವ ಕುಂಚಗಳನ್ನು ಹಿಡಿದರು. ಲೋರಿ ಗೋಲ್ಡ್‌ಸ್ಟನ್ ಎಂಬಾಕೆಯ ಚೆಲ್ಲೊ ಜೊತೆಗೂಡಿತು; ಕ್ರಿಸ್ಟ್ ನೊವೊಸೆಲಿಕ್ ಒಂದು ಹಾಡಿಗೆ ಅಕಾರ್ಡಿಯನ್ ಎತ್ತಿಕೊಂಡರು.

ಗಾಯಕ ಕರ್ಟ್ ಕೋಬೇನ್ ಮಾಡಿದ ಆಯ್ಕೆಯಂತೂ ಇನ್ನೂ ದಿಟ್ಟವಾದುದು. ಜನ ಎದುರುನೋಡುತ್ತಿದ್ದ ಅತಿ ಪ್ರಸಿದ್ಧ ಹಾಡನ್ನು ಅವರು ಹಾಡಲೇ ಇಲ್ಲ. ಹದಿನಾಲ್ಕರಲ್ಲಿ ಆರು ಹಾಡುಗಳು ಬೇರೆಯವರವು. ಅವುಗಳಲ್ಲಿ ಮೂರು, ಅಷ್ಟಾಗಿ ಹೆಸರಾಗದಿದ್ದ ಮೀಟ್ ಪಪೆಟ್ಸ್ ವೃಂದದವು. ಆ ವೃಂದದ ಸೋದರರಿಬ್ಬರನ್ನೂ ವೇದಿಕೆಗೆ ಕರೆದು, ಗಿಟಾರನ್ನು ಅವರಿಗೆ ಬಿಟ್ಟು, ತಾವು ಬರಿದೇ ಹಾಡಿದರು. ಕೊನೆಯದು ಲೆಡ್ ಬೆಲ್ಲಿ ಎಂಬ ಗಾಯಕರು 1940ರ ದಶಕದಲ್ಲಿ ಮುದ್ರಿಸಿದ್ದ, ಅಪಲೇಚಿಯನ್ ಬೆಟ್ಟಸೀಮೆಯ ಹಳೆಯ ಜನಪದಗೀತೆ. ಅದು ಮುಗಿದ ಮೇಲೆ ಇನ್ನೊಂದು ಹಾಡಬೇಕೆಂದು ಕೇಳಿದರೂ ಕೋಬೇನ್ ಒಪ್ಪಲಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಅಂದು ವಿದ್ಯುತ್ತು ಪೂರ್ತಿಯಾಗಿ ತೊಲಗಿರಲಿಲ್ಲ. ವೇದಿಕೆಯ ಮೇಲೆ ಮರೆಯಾಗಿಟ್ಟ ಧ್ವನಿವರ್ಧಕವೊಂದು ಕೋಬೇನರ ಮಾರ್ಟಿನ್ ಗಿಟಾರಿನ ನಾದವನ್ನು ಹಿಗ್ಗಿಸುತ್ತಿತ್ತು. ಹಾಗಾದರೆ ಅಲ್ಲಿ ನಿಜವಾಗಿ ಕಳಚಿದ್ದು ಯಾವುದು? ಅಬ್ಬರವೆಂಬ ಮರೆ. ಮೆಲುದನಿಯಲ್ಲಿ ತಪ್ಪೂ ಕೇಳುತ್ತದೆ, ನೋವೂ ಕೇಳುತ್ತದೆಂಬುದನ್ನು ಮೈಕಿನ ಮುಂದೆ ಕುಳಿತವರೆಲ್ಲ ಬಲ್ಲರು. ಅದುವರೆಗೆ ಕೂಗಾಗಿ ಕೇಳಿದ್ದು ಅಂದು ಹಾಡಾಗಿ ಕೇಳಿತು. ನಿನ್ನೆಮೊನ್ನೆಯ ಆ ರಚನೆಗಳು ಶತಮಾನ ಕಂಡ ಜನಪದಗೀತೆಯ ಪಕ್ಕದಲ್ಲಿ ಕುಳಿತೂ ಬಡವಾಗಲಿಲ್ಲ.

ಕಾರ್ಯಕ್ರಮ 1993ರ ಡಿಸೆಂಬರಿನಲ್ಲಿ ಪ್ರಸಾರವಾಯಿತು. 1994ರ ಏಪ್ರಿಲ್‌ನಲ್ಲಿ ಕೋಬೇನ್ ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡರು. ಅದೇ ನವೆಂಬರಿನಲ್ಲಿ ಧ್ವನಿಮುದ್ರಿಕೆ ಹೊರಬಂದಿತು. ವೇದಿಕೆಗೆ ಅವರೇ ಕೇಳಿ ಇರಿಸಿಕೊಂಡಿದ್ದ ಲಿಲ್ಲಿ ಹೂಗಳಲ್ಲಿ, ಕಪ್ಪು ಮೇಣದ ಬತ್ತಿಗಳಲ್ಲಿ ಜನ ಸಾವಿನ ಮುನ್ಸೂಚನೆಯನ್ನು ಕಂಡರು. ಆದರೆ ಹೂವನ್ನು ಮರೆತು ಹಾಡನ್ನಷ್ಟೇ ಕೇಳಿದವರಿಗೆ, ವೃಂದವೊಂದು ಹೊಸ ದಾರಿಯಲ್ಲಿ ಇಟ್ಟ ಮೊದಲ ಹೆಜ್ಜೆಯ ಸಪ್ಪಳ ಕೇಳಿಸುತ್ತದೆ. ಎರಡನೆಯ ಹೆಜ್ಜೆಗೆ ಕಾಲ ಸಾಲಲಿಲ್ಲ.