ಬರಗಾಲವೂ ಉಗಿಬಂಡಿಯೂ

ಸಿಂದಗಿ ಪಟ್ಟಣಕ್ಕೆ ರೈಲುಮಾರ್ಗವಿಲ್ಲ. ಅಲ್ಲಿಯ ಜನ ಉಗಿಬಂಡಿಯನ್ನು ಹತ್ತಲು ಇಂಡಿ ರೋಡಿಗೋ ವಿಜಾಪುರಕ್ಕೋ ಹೋಗಬೇಕಾಗಿತ್ತು. ಆದರೂ ಆ ಮಾರ್ಗದ ಚರಿತ್ರೆ ಅವರದೂ ಹೌದು.

ಧಾತು ಸಂವತ್ಸರದಲ್ಲಿ ತೊಡಗಿದ 1876-78ರ ಕ್ಷಾಮದಲ್ಲಿ, ಧಾನ್ಯವನ್ನು ಎಳೆದು ತರಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಸತ್ತವು. ಬರನಿವಾರಣೆಯ ಉದ್ದೇಶದಿಂದ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದಲ್ಲಿಯೇ ಹೋಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೂಲಕ ಗದಗಿಗೆ ಮೀಟರ್ ಗೇಜ್ ಹಳಿ ಬಿದ್ದಿತು. ಬಂಡಿಯು ಧಾನ್ಯವನ್ನು ತರಬಲ್ಲದು. ಬೆಲೆ ಹೆಚ್ಚಿದೆಡೆಗೆ ಕೊಂಡೊಯ್ಯಲೂ ಬಲ್ಲದು. ಈ ಎರಡು ಮುಖಗಳನ್ನೂ ಚರಿತ್ರೆ ಮರೆಯಬಾರದು.

ಈ ಶತಮಾನದ ಮೊದಲ ದಶಕದಲ್ಲಿ ಹಳಿ ಅಗಲವಾಯಿತು, ಹಳೆಯ ಗೇಜು ಅಳಿಯಿತು. ಹಳೆಯ ಎಂಜಿನ್ನುಗಳನ್ನು ಕಾಪಾಡಲು ರೈಲ್ವೆ ಇಲಾಖೆ ಮೈಸೂರಿನಲ್ಲಿ 1979ರಲ್ಲಿ, ಹುಬ್ಬಳ್ಳಿಯಲ್ಲಿ 2020ರಲ್ಲಿ ಸಂಗ್ರಹಾಲಯಗಳನ್ನು ತೆರೆಯಿತು. ವೇಲ್ಸ್ ದೇಶದಲ್ಲಿಯಾದರೋ ಟಾಲಿಲಿನ್ ಎಂಬ ಪುಟ್ಟ ರೈಲನ್ನು 1951ರಿಂದ ಸ್ವಯಂಸೇವಕರೇ ನಡೆಸುತ್ತ ಬಂದರು.

ಎಂಜಿನ್ನನ್ನು ಇಲಾಖೆ ಕಾಯಬಹುದು. ಹಳಿ ಹಾಸಿದ ಕೂಲಿಯ ನೆನಪನ್ನು, ಮನೆಯ ಪೆಟ್ಟಿಗೆಯಲ್ಲಿ ಉಳಿದ ಟಿಕೆಟನ್ನು, ಕಂದೀಲನ್ನು ಊರವರೇ ಕೂಡಿಡಬೇಕು. ಅದಕ್ಕೆ ಒಂದು ಕೋಣೆ ಸಾಕು. ತಡಮಾಡದ ಮನಸ್ಸು ಬೇಕು.